ಹಳೇ ಲಿಥೋಗ್ರಾಫ್ ಇದ್ದರೆ ಧಾರವಾಡದ ಈ ಅಂಗಡಿಗೆ ಹೋಗಿ, ಬೆಲೆ ಮಾತ್ರ ಕೇಳಬೇಡಿ

ಧಾರವಾಡದ ಸುಭಾಷ್ ರಸ್ತೆಯ ಒಳ ಓಣಿಯಲ್ಲಿರುವ ಈ ಫ್ರೇಮಿನ ಅಂಗಡಿಗೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನಾನು ತಗೊಂಡು ಹೋಗಿದ್ದು ನಮ್ಮ ಸೋದರಮಾವ ಮುಂಬೈಯಲ್ಲಿ ಕೆಲಸದಲ್ಲಿದ್ದಾಗ ಕೊಂಡಿದ್ದ ಅಮೂರ್ತ ಚಿತ್ರದ ಲಿಥೋಗ್ರಾಫ್, ಅಂದರೆ ಕಲ್ಲಚ್ಚಿನ ಪ್ರಿಂಟ್. ದಪ್ಪ ಕಪ್ಪು ಆಕಾರ, ಅದಕ್ಕೆ ಅಡ್ಡವಾಗಿ ಇಟ್ಟಿಗೆ ಕೆಂಪು, ಅಂಚಿನ ತನಕ ಹರಡಿದ ನೀಲಿ. ಕೆಳಗೆ ಪೆನ್ಸಿಲಿನಲ್ಲಿ ಎಡಕ್ಕೆ 17/75 (ಒಟ್ಟು 75 ಪ್ರತಿಗಳಲ್ಲಿ 17ನೆಯದು ಅಂತ), ಬಲಕ್ಕೆ ಸಹಿ. ಮೊದಲು ಆನ್‌ಲೈನಿನಲ್ಲಿ ಬೆಲೆ ಕಟ್ಟಿಕೊಡುವ ಒಂದು ಸೇವೆಗೆ ದುಡ್ಡು ಕಟ್ಟಿದ್ದೆ. ಗಾಜಿನ ಮೇಲಿಂದ ತೆಗೆದ ಒಂದೇ ಫೋಟೊ ನೋಡಿ, ಹಿಂಬದಿ ಹೇಗಿದೆ ಅಂತಲೂ ಕೇಳದೆ, ಸೀದಾ ಒಂದು ಮೊತ್ತ ಬರೆದು ಕಳಿಸಿದರು. ಅಂಥ ಮೊತ್ತವನ್ನು ಹೇಗೆ ನಂಬುವುದು?

ಇಲ್ಲಿನ ಯಜಮಾನರ ಮೊದಲ ಮಾತೇ ಬೇರೆ. "ಅಕ್ಕಾರ, ಬಿಚ್ಚಿ ನೋಡಲಾರದ ನಾ ಏನೂ ಹೇಳಂಗಿಲ್ರಿ."

ಕೈ ತೊಳೆದು ಒರೆಸಿಕೊಂಡು ಬಂದು, ಹಿಂದಿನ ಪ್ಲೈವುಡ್ಡಿನ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಹಾಳೆಯನ್ನು ಬಿಳಿ ಕಾಗದದ ಮೇಲೆ ಮಲಗಿಸಿ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸು ನನ್ನ ಕೈಗೇ ಕೊಟ್ಟರು. ಪಕ್ಕದಲ್ಲಿ ಒಂದು ಆಫ್‌ಸೆಟ್ ಕ್ಯಾಲೆಂಡರ್ ಇಟ್ಟು ಎರಡನ್ನೂ ನೋಡಿ ಅಂದರು. ಕ್ಯಾಲೆಂಡರಿನಲ್ಲಿ ಒಂದೇ ಅಂತರದ ಬಣ್ಣದ ಚುಕ್ಕೆಗಳು. ನಮ್ಮ ಪ್ರಿಂಟಿನಲ್ಲಿ ಸಣ್ಣ ರವೆ ಉದುರಿಸಿದ ಹಾಗೆ ತರಿತರಿ, ಯಾವ ಲೆಕ್ಕಕ್ಕೂ ಸಿಗದ್ದು. ಅಂದರೆ ನಮ್ಮದು ಕ್ಯಾಲೆಂಡರಿನ ಥರ ಅಚ್ಚು ಹಾಕಿದ ನಕಲಲ್ಲ. ಕಲ್ಲಿನ ಮೇಲೆ ಜಿಡ್ಡಿನ ಕ್ರೇಯಾನಿನಿಂದ ಬಿಡಿಸಿ, ಕಲ್ಲನ್ನು ಒದ್ದೆ ಮಾಡಿ, ಜಿಡ್ಡಿದ್ದ ಕಡೆ ಮಾತ್ರ ಶಾಯಿ ಹಿಡಿಯುವಂತೆ ಮಾಡುವ ಕೆಲಸ ಇದು. ಕನ್ನಡದ ಮೊದಲ ಪತ್ರಿಕೆ, 1843ರ 'ಮಂಗಳೂರ ಸಮಾಚಾರ' ಅಚ್ಚಾಗಿದ್ದೂ ಹೀಗೇ, ಕಲ್ಲಚ್ಚಿನಲ್ಲಿ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು ಬೇಕು, ಅದಕ್ಕೇ ನಮ್ಮದರಲ್ಲಿ ಕೆಂಪಿನ ಅಂಚು ಒಂದು ಕಡೆ ಕೂದಲೆಳೆಯಷ್ಟು ಕಪ್ಪಿನ ಮೇಲೆ ಹತ್ತಿದೆ. ಅದನ್ನು ತೋರಿಸುವಾಗ ಅವರ ಮುಖ ನೋಡಬೇಕಿತ್ತು, ಅಷ್ಟು ಖುಷಿ.

ಆಮೇಲೆ ಕೆಟ್ಟ ಸುದ್ದಿ. ಚಿತ್ರದ ಸುತ್ತ ಕಂದು ಗೆರೆ ಬಿದ್ದಿದೆ, ಹಳೇ ಮೌಂಟಿನ (ಫ್ರೇಮಿನ ಒಳಗೆ ಚಿತ್ರದ ಸುತ್ತ ಕೂರಿಸುವ ಪಟ್ಟಿ) ರಟ್ಟಿನಲ್ಲಿದ್ದ ಆಮ್ಲ ಕಾಗದವನ್ನು ಸುಟ್ಟಿದ್ದು. ಕೆಳಗಿನ ಅಂಚಿನಲ್ಲಿ ತುಕ್ಕಿನ ಬಣ್ಣದ ಕಲೆಗಳು. ನಮ್ಮ ಧಾರವಾಡದ ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಿದರೆ ಇನ್ನೇನಾಗುತ್ತದೆ? ಹಿಂಬದಿಯಲ್ಲಿ ಸೆಲ್ಲೋಟೇಪ್ ಅಂಟಿಸಿ ಅಂಟಿಸಿ ಹಳದಿಯಾಗಿದೆ. ನನಗೆ ಹೆಚ್ಚು ಬೇಜಾರಾಗಿದ್ದು ನೀಲಿಯದ್ದು. ಮೌಂಟಿನ ಅಡಿ ಮುಚ್ಚಿಕೊಂಡಿದ್ದ ಅರ್ಧ ಬೆರಳಿನಷ್ಟು ಪಟ್ಟಿ ಇನ್ನೂ ಗಾಢವಾಗಿದೆ, ಉಳಿದದ್ದೆಲ್ಲ ಬೆಳಕಿಗೆ ಬಿಳಿಚಿಕೊಂಡಿದೆ. ಹೋದ ಬಣ್ಣ ವಾಪಸ್ ಬರುವುದಿಲ್ಲ. ಸಮಾಧಾನ ಏನಂದರೆ ಅಂಚು ಯಾರೂ ಕತ್ತರಿಸಿಲ್ಲ, ಹಾಳೆಯನ್ನು ರಟ್ಟಿಗೆ ಪೂರ್ತಿ ಅಂಟಿಸಿಲ್ಲ. ಹಾಗೆ ಮಾಡಿದ್ದರೆ ಬೆಲೆ ನೆಲಕ್ಕೆ ಇಳಿಯುತ್ತಿತ್ತು.

17/75 ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ ನಾನೂ ಕೇಳಿದೆ. ಸಂಖ್ಯೆ ಚಿಕ್ಕದಾದರೆ ಬೆಲೆ ಜಾಸ್ತಿ ಅಂತೇನಿಲ್ಲ, ಒಟ್ಟು ಎಷ್ಟು ಪ್ರತಿ ತೆಗೆದರು ಅನ್ನೋದೇ ಮುಖ್ಯ. ಸಹಿ ಇಲ್ಲದಿದ್ದರೆ ನಕಲಿ ಅಂತಲೂ ಅಲ್ಲ. ಮಿರೊ, ಕಾಲ್ಡರ್ ಅಂಥ ಹೆಸರಾಂತ ಕಲಾವಿದರು ಪ್ಯಾರಿಸಿನ ಕಲಾಪತ್ರಿಕೆಗೆ ಮಾಡಿದ ಎಷ್ಟೋ ಅಸಲಿ ಲಿಥೋಗ್ರಾಫ್‌ಗಳಲ್ಲಿ ಸಹಿಯೂ ಇಲ್ಲ, ಸಂಖ್ಯೆಯೂ ಇಲ್ಲ.

ಬೆಲೆ ಮಾತ್ರ ಅವರು ಹೇಳಲೇ ಇಲ್ಲ, ಎಷ್ಟು ಒತ್ತಾಯ ಮಾಡಿದರೂ. "ಅದು ನನ್ನ ಕೆಲಸ ಅಲ್ರಿ." ಬದಲಿಗೆ ಹಾಳೆಯ ಅಳತೆ, ಕಲೆಗಳು ಎಲ್ಲೆಲ್ಲಿವೆ, ಟೇಪು, ಬಣ್ಣ, ಎಲ್ಲ ಒಂದು ಪುಟದಲ್ಲಿ ಬರೆದು ಕೊಟ್ಟರು. ಇದನ್ನು ಹಿಡ್ಕೊಂಡು ಅದೇ ಕಲಾವಿದರ ಅದೇ ಪ್ರಿಂಟ್ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ನೋಡಿ, ಮಾರಾಟಕ್ಕಿಟ್ಟವರು ಹಾಕಿದ ಬೆಲೆ ನೋಡಬೇಡಿ ಅಂದರು. ಮಾವ ಕೊಂಡಾಗಿನ ರಸೀದಿ ಇದ್ದರೆ ಹುಡುಕಿ ಜೋಪಾನ ಮಾಡಿ ಅಂತಲೂ ಹೇಳಿದರು. ನನಗೆ ಬೇಕಾಗಿದ್ದು ಇದೇ. ಸ್ಥಿತಿ ಗೊತ್ತಿಲ್ಲದೆ ಬೆಲೆ ಕಟ್ಟುವುದು ಸುಮ್ನೆ ಬಾಯಿಗೆ ಬಂದದ್ದು ಹೇಳಿದ ಹಾಗೆ, ಅಲ್ವಾ?

ಒಂದು ಸ್ಟಾರ್ ಕಡಿಮೆ ಆಗಿದ್ದು ಮರು ಫ್ರೇಮಿಗೆ. ಮಾಮೂಲಿ ರಟ್ಟನ್ನೇ ಹಾಕಲು ಹೊರಟಿದ್ದರು, ಆಮ್ಲ ಇಲ್ಲದ ಬೋರ್ಡ್ ಬೇಕು ಅಂತ ನಾನೇ ಹಟ ಹಿಡಿಯಬೇಕಾಯಿತು. ಇಷ್ಟೆಲ್ಲ ತಿಳಿದವರು ಅದನ್ನು ತಾವಾಗಿಯೇ ಹೇಳಬೇಕಿತ್ತು. ಬೋರ್ಡ್ ಹೊರಗಿನಿಂದ ತರಿಸಬೇಕು, ತಡವಾಗುತ್ತದೆ, ಫೋನ್ ಮಾಡಿದರೆ ಎತ್ತುವುದು ಅಪರೂಪ. ಟೇಪು ತೆಗೆಯುವ ಕೆಲಸ ನಮಗೆ ಬೇಡ, ಕಾಗದದ ಸಂರಕ್ಷಣೆ ಕಲಿತವರಿಗೇ ಕೊಡಿ ಅಂತ ನೇರವಾಗಿ ಹೇಳಿದ್ದು ಮೆಚ್ಚಬೇಕಾದ್ದು.

ಹೋಗುವವರು ಬೆಳಿಗ್ಗೆಯೇ ಹೋಗಿ, ಸಂಜೆ ಮದುವೆ ಫೋಟೊ ಫ್ರೇಮಿನವರ ಗದ್ದಲ. ಬಿಡಿ ಹಾಳೆಯಾದರೆ ಸುರುಳಿ ಸುತ್ತಬೇಡಿ, ಎರಡು ರಟ್ಟುಗಳ ನಡುವೆ ಇಟ್ಟು ತಗೊಂಡು ಹೋಗಿ.