ಕೊಬ್ಬಿನಲ್ಲಿ ಕೊಲೆಸ್ಟರಾಲ್ ಅಳೆಯಲು ಹಸಿರೋ, ನೇರಳೆಯೋ, ಗುಲಾಬಿಯೋ?

ಕೊಲೆಸ್ಟರಾಲ್ ಅಳೆಯುವ ಮೂರು ವಿಧಾನಗಳು ಮೂರು ಬಣ್ಣ ಕೊಡುತ್ತವೆ; ಬಣ್ಣ ಗಾಢವಾದಷ್ಟೂ ಕೊಲೆಸ್ಟರಾಲ್ ಹೆಚ್ಚು. ಯಾವ ವಿಧಾನ ಆರಿಸಿದರೂ ಸಾಬೂನೀಕರಣ (ಕ್ಷಾರದೊಂದಿಗೆ ಕಾಯಿಸಿ ಕೊಬ್ಬನ್ನು ಸಾಬೂನಾಗಿಸುವುದು) ತಪ್ಪಿಸಬೇಡಿ. ಸುಮಾರು 1 ಗ್ರಾಂ ಕೊಬ್ಬನ್ನು ಆಲ್ಕೊಹಾಲ್‌ನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜೊತೆ ಒಂದು ಗಂಟೆ ಕಾಯಿಸಿ, ನೀರು ಬೆರೆಸಿ, ಕೊಲೆಸ್ಟರಾಲನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ಎರಡು ಮೂರು ಸಲ ಬೇರ್ಪಡಿಸಿ, ತೊಳೆದು, ಒಣಗಿಸಿ. ಈ ಹೆಜ್ಜೆ ಬಿಟ್ಟರೆ ಅಪರ್ಯಾಪ್ತ ಕೊಬ್ಬು ಗಂಧಕಾಮ್ಲದಲ್ಲಿ ಕಂದು ಬಣ್ಣಕ್ಕೆ ತಿರುಗಿ ಓದಿಕೆಯನ್ನೇ ಕೆಡಿಸುತ್ತದೆ.

ಲೀಬರ್‌ಮನ್-ಬುರ್ಖಾರ್ಡ್ ವಿಧಾನಕ್ಕೆ ಬೇಕಾದದ್ದು ಕ್ಲೋರೊಫಾರ್ಮ್, ಅಸಿಟಿಕ್ ಅನ್‌ಹೈಡ್ರೈಡ್, ಪ್ರಬಲ ಗಂಧಕಾಮ್ಲ. ಹಸಿರು ಬಣ್ಣವನ್ನು 620 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಆಸುಪಾಸಿನಲ್ಲಿ ಬಣ್ಣಮಾಪಕದಲ್ಲಿ ಓದುತ್ತಾರೆ. ತೊಂದರೆ ಎರಡು: ಬಣ್ಣ ಏರಿ ಇಳಿಯುತ್ತದೆ, ಆದ್ದರಿಂದ ಮಾದರಿಗೂ ಮಾನಕಕ್ಕೂ (ಕೊಲೆಸ್ಟರಾಲ್ ಪ್ರಮಾಣ ಗೊತ್ತಿರುವ ದ್ರಾವಣ) ಸಮಯ, ಉಷ್ಣತೆ ಒಂದೇ ಇರಬೇಕು, ನೀರಿನ ಒಂದು ಹನಿಯೂ ಅನ್‌ಹೈಡ್ರೈಡನ್ನು ಹಾಳುಮಾಡುತ್ತದೆ.

ಫೆರಿಕ್ ಕ್ಲೋರೈಡ್ ವಿಧಾನದ ನೇರಳೆ ಬಣ್ಣ (560ರ ಸುಮಾರು) ಹೆಚ್ಚು ತೀಕ್ಷ್ಣ, ಹೆಚ್ಚು ಹೊತ್ತು ನಿಲ್ಲುತ್ತದೆ. ಕೊಲೆಸ್ಟರಾಲ್ ಕಡಿಮೆಯಿದ್ದರೆ ಇದೇ ವಾಸಿ. ಆದರೆ ನೈಟ್ರೇಟ್, ಬ್ರೋಮೈಡ್, ಅಶುದ್ಧ ಅಸಿಟಿಕ್ ಆಮ್ಲ ಯಾವುದನ್ನೂ ಇದು ಕ್ಷಮಿಸುವುದಿಲ್ಲ. ಇದರಲ್ಲೂ ಬಳಸುವ ಗಂಧಕಾಮ್ಲ ಸುರಿದಾಗ ಕೊಳವೆ ಕುದಿಯುವಷ್ಟು ಬಿಸಿಯಾಗುತ್ತದೆ; ತಣ್ಣಗಾದ ಮೇಲೇ ಓದಿ.

ಕಿಣ್ವ ವಿಧಾನದಲ್ಲಿ ಕೊಲೆಸ್ಟರಾಲ್ ಆಕ್ಸಿಡೇಸ್, ಪೆರಾಕ್ಸಿಡೇಸ್ ಸೇರಿ ಗುಲಾಬಿ ಬಣ್ಣ ತರುತ್ತವೆ (500ರ ಸುಮಾರು). ಸುಡುವ ಆಮ್ಲದ ಕಾಟವಿಲ್ಲ. ಆದರೆ ರಕ್ತದ ಕೊಲೆಸ್ಟರಾಲ್ ಪರೀಕ್ಷೆಗೆಂದು ಸಿಗುವ ಕಿಟ್‌ಗೆ ಕೊಬ್ಬನ್ನು ನೇರ ಹಾಕಿದರೆ ದ್ರಾವಣ ಮಂಜಾಗುತ್ತದೆ. ಬೇರ್ಪಡಿಸಿದ ಶೇಷವನ್ನು ಐಸೊಪ್ರೊಪನಾಲ್‌ನಲ್ಲಿ ಕರಗಿಸಿ ಹಾಕಿ, ಮಾನಕವನ್ನೂ ಅದರಲ್ಲೇ ಮಾಡಿ.

ಬೆಣ್ಣೆ, ಹಂದಿಕೊಬ್ಬಿಗೆ, ಹಣ ಇದ್ದರೆ, ಕಿಣ್ವವೇ ಸರಿ. ಸಸ್ಯ ಎಣ್ಣೆ ಬೆರೆತಿದ್ದರೆ ಮೂರೂ ಬೇಡ: ಕೊಲೆಸ್ಟರಾಲನ್ನೇ ಹೋಲುವ ಸಸ್ಯ ಸ್ಟೆರಾಲ್‌ಗಳೂ ಬಣ್ಣ ಕೊಡುತ್ತವೆ. ಅಲ್ಲಿ ಒಂದೊಂದು ಸ್ಟೆರಾಲನ್ನೂ ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಫಿಯೇ ದಾರಿ.