ಹಾವು ತಿನ್ನಲಿಲ್ಲ ಅಂತ ಜೀವಂತ ಇಲಿ ಬಿಟ್ಟು ಮಲಗಬೇಡಿ

ಕಾರ್ನ್ ಸ್ನೇಕ್ ಸಾಕಿದವರು, ಸಾಕುವ ಆಸೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಆತುರದಿಂದ ಒಂದು ಮರಿ ಸಾಯುವ ಹಂತಕ್ಕೆ ಹೋಗಿತ್ತು.

ಹೋದ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಬ್ಬರ ಹತ್ತಿರ ಮರಿ ತಂದೆ. ಪೆನ್ಸಿಲ್‌ನಷ್ಟು ದಪ್ಪ, ಕಿತ್ತಳೆ ಮೈ, ಬೆನ್ನ ಮೇಲೆ ಕೆಂಪು ಮಚ್ಚೆ. ಕೆಂಪ ಅಂತ ಹೆಸರಿಟ್ಟೆವು. ಇದು ಅಮೆರಿಕದ ಆಗ್ನೇಯ ಭಾಗದ ಹಾವು, ವಿಷ ಇಲ್ಲ. (ನಮ್ಮ ಕೇರೆ, ನಾಗರಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅದರ ಯೋಚನೆಯೇ ಬೇಡ.) "ಹೀಟಿಂಗ್ ಮ್ಯಾಟ್ ಬೇಕಾಗುತ್ತಾ?" ಅಂತ ಕೇಳಿದೆ. (ಟ್ಯಾಂಕ್ ಅಡಿಗೆ ಹಾಕುವ, ಕರೆಂಟಿನಿಂದ ಬಿಸಿಯಾಗುವ ಹಾಸು ಅದು.) "ನಿಮ್ಮ ಮೈಸೂರು ಹವೆಗೆ ಏನೂ ಬೇಡ ಸರ್, ಇದು ಚೆನ್ನಾಗಿ ತಿನ್ನುತ್ತೆ" ಅಂದರು. ನಂಬಿದೆ.

ಕುವೆಂಪುನಗರದ ನಮ್ಮ ಮನೆಗೆ ಬಂದ ದಿನದಿಂದಲೇ ಎಲ್ಲರೂ ಅವನನ್ನು ಕೈಗೆತ್ತಿಕೊಂಡರು. ಪಕ್ಕದ ಮನೆ ಮಕ್ಕಳೂ ಬಂದರು. ಐದನೇ ದಿನ ಪಿಂಕಿ ಕೊಟ್ಟೆ. ಪಿಂಕಿ ಅಂದರೆ ಕೂದಲು ಬಾರದ, ಕಣ್ಣು ಬಿಡದ ಇಲಿಮರಿ, ಫ್ರೀಜರ್‌ನಲ್ಲಿಟ್ಟದ್ದು. ಮೂಸಿಯೂ ನೋಡಲಿಲ್ಲ. ಮತ್ತೆ ಎರಡು ಸಲ ಕೊಟ್ಟೆ, ಅದೇ ಕಥೆ. ಅಮ್ಮ ಹಾವಿಗೆ ಹೆದರುವವರು. ಆದರೂ ರಾತ್ರಿ ತಟ್ಟೆ ಮುಂದೆ ಕೂತು, "ಹಸಿದ ಜೀವ ಮನೇಲಿಟ್ಕೊಂಡು ನಾವು ಹೇಗೋ ಉಣ್ಣೋದು?" ಅಂದರು. ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಮಾರಿದವರಿಗೆ ಫೋನ್ ಮಾಡಿದೆ.

"ಜೀವಂತ ಇಲಿ ಬಿಟ್ಟು ಮಲಗಿ, ಬೆಳಿಗ್ಗೆ ಖಾಲಿ ಆಗಿರುತ್ತೆ."

ಬಿಟ್ಟೆ. ಪಿಂಕಿಯೂ ಅಲ್ಲ, ಆಗಲೇ ಓಡಾಡುವ ಬಿಳಿ ಇಲಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಇಲಿ ನೀರಿನ ಬಟ್ಟಲ ಮೇಲೆ ಕೂತು ಮುಖ ಒರೆಸಿಕೊಳ್ಳುತ್ತಿತ್ತು. ಕೆಂಪ ಮೂಲೆಯಲ್ಲಿ ತಲೆ ಅಡಗಿಸಿಕೊಂಡು ಮುದುಡಿದ್ದ. ಬೆನ್ನ ಮೇಲೆ ಮೂರು ಕಡೆ ಕಚ್ಚಿದ ಗಾಯ. ಒಂದರಲ್ಲಿ ಚರ್ಮ ಕಿತ್ತು ಒಳಗಿನ ಮಾಂಸ ಕಾಣುತ್ತಿತ್ತು.

ಪ್ರಾಣಿಗಳ ಡಾಕ್ಟರ್ ಹತ್ತಿರ ಕರೆದೊಯ್ದೆ. ಅವರು ಗಾಯ ತೊಳೆದು ಔಷಧಿ ಹಚ್ಚಿದರು. ಹಾವು ಇಲಿಯನ್ನು ಹಿಡಿಯದಿದ್ದರೆ ಹಸಿದ ಇಲಿ ಹಾವನ್ನೇ ಕಡಿಯುತ್ತೆ, ಇದೇನು ಹೊಸದಲ್ಲ ಅಂದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ರಾತ್ರಿ ಟ್ಯಾಂಕ್ ಒಳಗೆ ಎಷ್ಟು ಡಿಗ್ರಿ ಇರುತ್ತೆ?" ನಾನು ಅಳೆದೇ ಇರಲಿಲ್ಲ. ಮನೆಗೆ ಬಂದು ನೋಡಿದರೆ 20. ಹಾವಿಗೆ ತನ್ನ ಮೈ ತಾನೇ ಬಿಸಿ ಮಾಡಿಕೊಳ್ಳಲು ಆಗಲ್ಲ. ಅಷ್ಟು ಚಳಿಯಲ್ಲಿ ತಿಂದರೂ ಅರಗದು, ಅದಕ್ಕೇ ಬಾಯಿ ತೆರೆಯುವುದಿಲ್ಲ. ಅವನದು ಹಟ ಅಂದುಕೊಂಡಿದ್ದೆ. ಪಾಪ, ಚಳಿ ಮತ್ತು ಹೆದರಿಕೆ ಅಷ್ಟೇ.

ಟ್ಯಾಂಕ್‌ನ ಒಂದು ಬದಿಯ ಅಡಿಗೆ ಹೀಟಿಂಗ್ ಮ್ಯಾಟ್ ಹಾಕಿದೆ, ಬಿಸಿ ಹದ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಸಮೇತ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಬೇಡವೇ ಬೇಡ, ಹೊಟ್ಟೆ ಸುಟ್ಟುಹೋಗುತ್ತೆ. ಬೆಚ್ಚಗಿನ ಬದಿ 29 ಡಿಗ್ರಿ, ತಂಪು ಬದಿ 24. ಅವನಿಗೆ ಅಡಗಲು ಎರಡೂ ಬದಿಯಲ್ಲಿ ಬಾಗಿಲು ಕೊರೆದ ತೆಂಗಿನ ಚಿಪ್ಪು ಬೋರಲು ಹಾಕಿದೆ. ಮೂರು ಕಡೆ ಗಾಜಿಗೆ ಪೇಪರ್ ಅಂಟಿಸಿದೆ. ಗಾಯ ಒಣಗುವ ತನಕ ನೀರು ಬದಲಿಸುವುದು, ಔಷಧಿ ಹಚ್ಚುವುದು ಬಿಟ್ಟರೆ ಯಾರೂ ಮುಟ್ಟಲಿಲ್ಲ.

ಸಂಕ್ರಾಂತಿ ಕಳೆದ ವಾರ ಮತ್ತೆ ಪಿಂಕಿ ತೆಗೆದೆ. ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಲು ಬಿಟ್ಟು, ಕವರ್‌ನಲ್ಲಿ ಹಾಕಿ ಬಿಸಿನೀರಲ್ಲಿಟ್ಟೆ. ನಮ್ಮ ಮೈ ಬಿಸಿಯಷ್ಟು ಆದ ಮೇಲೆ ಟಿಶ್ಯೂದಲ್ಲಿ ಒರೆಸಿದೆ. ಮೈಕ್ರೋವೇವ್‌ಗೆ ಮಾತ್ರ ಹಾಕಬೇಡಿ, ಒಳಗೆ ಬೆಂದು ಒಡೆಯುತ್ತೆ. ಕತ್ತಲಾದ ಮೇಲೆ ಚಿಪ್ಪಿನ ಬಾಗಿಲಲ್ಲಿಟ್ಟು ದೀಪ ಆರಿಸಿ ಹೊರಗೆ ಬಂದೆ. ಒಂದು ಗಂಟೆ ಬಿಟ್ಟು ನೋಡಿದರೆ ಪಿಂಕಿ ಇಲ್ಲ, ಕೆಂಪನ ನಡು ಸ್ವಲ್ಪ ಉಬ್ಬಿತ್ತು. ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಆ ಖುಷಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ನಾಲ್ಕನೇ ದಿನವೇ ದೊಡ್ಡದು ಕೊಟ್ಟು ಮರುದಿನ ಕೈಗೆತ್ತಿಕೊಂಡೆ, ಎಲ್ಲ ಕಕ್ಕಿಬಿಟ್ಟ. ಹಾವಿನ ನಡುವಿನ ದಪ್ಪಕ್ಕಿಂತ ಒಂದೂವರೆ ಪಟ್ಟು ಮೀರಿದ ಇಲಿ ಬೇಡ, ತಿಂದ ಮೇಲೆ 48 ಗಂಟೆ ಮುಟ್ಟಬೇಡಿ. ಕಕ್ಕಿದರೆ 10ರಿಂದ 14 ದಿನ ಹೊಟ್ಟೆಗೆ ವಿರಾಮ ಕೊಟ್ಟು, ಆಮೇಲೆ ಇನ್ನೂ ಚಿಕ್ಕದರಿಂದ ಶುರು ಮಾಡಿ. ಕಣ್ಣು ಮಂಜಾಗಿ ನೀಲಿಗಟ್ಟಿದರೆ ಪೊರೆ ಬಿಡುವ ಹೊತ್ತು, ಆಗ ತಿನ್ನದಿದ್ದರೆ ಸುಮ್ನೆ ಬಿಟ್ಟುಬಿಡಿ.

ಯಾರಾದರೂ ಬಾಯಿ ತೆರೆಸಿ ತುರುಕಿ ಅಂದರೆ ಒಪ್ಪಬೇಡಿ, ಅದು ಡಾಕ್ಟರ್ ಕೆಲಸ. ವಾರಕ್ಕೊಮ್ಮೆ ಗ್ರಾಂ ತೂಕದ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ಕಾಯದೆ ಹೋಗಿ ತೋರಿಸಿ.

ಕೊಳ್ಳುವ ಮೊದಲು ನಿಮ್ಮ ಎದುರೇ ಒಮ್ಮೆ ತಿನ್ನಿಸಲು ಹೇಳಿ. ಯಾವ ದಿನ ಏನು ತಿಂದಿದೆ ಅಂತ ಬರೆದಿಟ್ಟಿದ್ದಾರಾ, ಕೇಳಿ ನೋಡಿ. ಇಲ್ಲ ಅಂದರೆ ಕೈಯಲ್ಲಿರುವ ದುಡ್ಡು ಕೈಯಲ್ಲೇ ಇರಲಿ, ವಾಪಸ್ ಬನ್ನಿ. ಕೆಂಪ ಈಗ ವಾರಕ್ಕೊಂದು ತಿನ್ನುತ್ತಾನೆ. ಮೊನ್ನೆ ಬಿಟ್ಟ ಪೊರೆಯನ್ನು ಬೆಳಕಿಗೆ ಹಿಡಿದೆ. ಆ ಮೂರು ಗಾಯದ ಗುರುತು ಅದರಲ್ಲೂ ಇತ್ತು.