ರಪ್ಚರ್ ಡಿಸ್ಕ್: ಮುಂದಕ್ಕೆ ಉಬ್ಬಿದ್ದಾ, ಹಿಂದುಮುಂದಾಗಿ ಕೂತಿದ್ದಾ?

ನಮ್ಮ ಹೈಡ್ರೋಜನೇಷನ್ (ಹೈಡ್ರೋಜನ್ ಸೇರಿಸುವ) ರಿಯಾಕ್ಟರ್‌ನ ಡಿಸೈನ್ ಪ್ರೆಷರ್, ಅಂದರೆ ಅದನ್ನು ತಾಳುವಂತೆ ಕಟ್ಟಿದ ಮಿತಿ, 100 ಬಾರ್. ಬ್ಯಾಚ್ ನಡೆಯೋದು 82 ಬಾರ್ ಆಸುಪಾಸಿನಲ್ಲಿ. ಅದರ ತಲೆಯ ಮೇಲಿನ ನಾಝಲ್‌ನಲ್ಲಿ ಇಷ್ಟು ವರ್ಷಗಳಲ್ಲಿ ಮೂರು ಬಗೆಯ ರಪ್ಚರ್ ಡಿಸ್ಕ್ ಕೂರಿಸಿ ನೋಡಿದ್ದೇನೆ. ಪ್ರೆಷರ್ ಮಿತಿ ಮೀರಿದರೆ ತಾನೇ ಒಡೆದು, ಅದನ್ನು ಹೊರಬಿಟ್ಟು ರಿಯಾಕ್ಟರ್ ಉಳಿಸುವ ತೆಳು ತಗಡು ಅದು. ಮೂರರ ಮೇಲೂ ಬರ್ಸ್ಟ್ ಪ್ರೆಷರ್ (ಒಡೆಯುವ ಪ್ರೆಷರ್) 100 ಬಾರ್ ಅಂತಲೇ ಬರೆದಿತ್ತು. ಆದರೆ ನಡೆದುಕೊಂಡ ರೀತಿ ಬೇರೆ ಬೇರೆ.

ಮೊದಲು ಇದ್ದದ್ದು ಸಾದಾ ಡಿಸ್ಕ್. ಮೇಲೆ ಗೀರಿಲ್ಲ, ಬಟ್ಟಲಿನಂತೆ ಉಬ್ಬಿದ ತಗಡು ಅಷ್ಟೇ. ಬಟ್ಟಲಿನ ಒಳಮೈ ಪ್ರೆಷರ್ ಕಡೆಗಿರುತ್ತದೆ, ಉಬ್ಬು ಮುಂದಕ್ಕೆ, ಹೊರಗಡೆಗೆ. ಪ್ರೆಷರ್ ಏರಿದಂತೆ ಲೋಹ ಹಿಗ್ಗುತ್ತದೆ, ತಾಳಲಾರದೆ ಕೊನೆಗೆ ಹರಿಯುತ್ತದೆ. ಒಂದು ರಾತ್ರಿ ಬ್ಯಾಚ್ ಮಧ್ಯದಲ್ಲೇ ಅದು ಒಡೆಯಿತು. ಗ್ರಾಫ್ ತೆಗೆದು ನೋಡಿದರೆ ಪ್ರೆಷರ್ 82 ದಾಟೇ ಇಲ್ಲ. ಹೋಲ್ಡರ್ ಬಿಚ್ಚಿದಾಗ ಕಾರಣ ಕೈಗೇ ಸಿಕ್ಕಿತು. ಅಂಚಿನಲ್ಲಿ ಗಟ್ಟಿಯಾಗಿದ್ದ ತಗಡು ನಡುವಿಗೆ ಬರುತ್ತಾ ಕಾಗದದಷ್ಟು ತೆಳುವಾಗಿತ್ತು. ಒಂದು ಚೂರು ಕಾಣೆಯಾಗಿತ್ತು, ಆಮೇಲೆ ಗ್ಯಾಸ್ ಹೊರಹೋಗುವ ವೆಂಟ್ ಲೈನಿನ ಬೆಂಡ್‌ನಲ್ಲಿ ಸಿಕ್ಕಿತು. ಬ್ಯಾಚ್‌ಗೊಮ್ಮೆ ಏರಿಳಿಯುವ ಪ್ರೆಷರ್, ಜೊತೆಗೆ ಬಿಸಿ. ಪ್ರತಿ ಸಲವೂ ಲೋಹ ಚೂರು ಚೂರೇ ಹಿಗ್ಗಿ ಸೋತಿತ್ತು. ಇಂಥ ಡಿಸ್ಕನ್ನು ಬರ್ಸ್ಟ್ ಪ್ರೆಷರ್‌ನ ಸುಮಾರು 70 ಪರ್ಸೆಂಟ್ ಒಳಗೆ ನಡೆಸಬೇಕು. ನಾವು 82ರಲ್ಲಿ ನಡೆಸುತ್ತಿದ್ದೆವು. ತಪ್ಪು ಡಿಸ್ಕ್‌ನದ್ದಲ್ಲ, ಆಯ್ಕೆಯದ್ದು.

ಎರಡನೆಯದೂ ಮುಂದಕ್ಕೆ ಉಬ್ಬುವ ಬಗೆಯೇ, ಆದರೆ ಮೇಲೆ ಅಡ್ಡ-ಉದ್ದ ಗೀರು ಹಾಕಿದ್ದು. ಒಡೆದರೆ ಗೀರಿನಗುಂಟ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ, ಚೂರು ಹಾರುವುದಿಲ್ಲ. 80-85 ಪರ್ಸೆಂಟ್‌ವರೆಗೆ ಓಡಿಸಬಹುದು. ನಮಗೆ ಸಾಕಾಯಿತು, ಆದರೆ ಸಾಕಷ್ಟೇ. ಬಟ್ಟಲಿನ ಒಳಗೆ ಕ್ಯಾಟಲಿಸ್ಟ್ ಸಿಡಿದು ಒಣಗಿ ಕೂರುವುದು ಮಾತ್ರ ತಪ್ಪಲಿಲ್ಲ.

ಮೂರನೆಯದು ರಿವರ್ಸ್ ಡಿಸ್ಕ್. ಇದರಲ್ಲಿ ಉಬ್ಬು ಪ್ರೆಷರ್ ಕಡೆಗೇ ಮುಖ ಮಾಡಿರುತ್ತದೆ. ಲೋಹ ಹಿಗ್ಗುವುದಿಲ್ಲ, ಒತ್ತಿಸಿಕೊಳ್ಳುತ್ತದೆ. ಮಿತಿ ದಾಟಿದ ಕ್ಷಣ ಉಬ್ಬು ಪಟಕ್ಕನೆ ಮಗುಚಿ ಗೀರಿನಗುಂಟ ತೆರೆದುಕೊಳ್ಳುತ್ತದೆ. ಎಲ್ಲ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. 90 ಪರ್ಸೆಂಟ್‌ವರೆಗೆ ನಿಶ್ಚಿಂತೆಯಿಂದ ಓಡಿಸಬಹುದು. ಏರಿಳಿತಕ್ಕೆ ಬೇಗ ಸೋಲುವುದಿಲ್ಲ, ವ್ಯಾಕ್ಯೂಮ್‌ಗೂ ಹೆದರುವುದಿಲ್ಲ. ಬ್ಯಾಚ್‌ಗೊಮ್ಮೆ ಪ್ರೆಷರ್ ಏರಿಸಿ ಇಳಿಸುವ ನಮ್ಮಂಥ ರಿಯಾಕ್ಟರ್‌ಗೆ ನನ್ನ ಮತ ಇದಕ್ಕೇ, ಎರಡು ಮಾತಿಲ್ಲ.

ಆದರೆ ಇದನ್ನು ಕೂರಿಸುವಾಗ ಜಾಸ್ತಿ ಎಚ್ಚರ ಬೇಕು. ಟ್ಯಾಗ್ ಮೇಲಿನ ಬಾಣ ನೋಡದೆ ತಿರುಗಿಸಿ ಹಾಕಿದರೆ ಬರೆದ ಪ್ರೆಷರ್‌ಗಿಂತ ಎಷ್ಟೋ ಮೇಲೆ ಹೋಗಿ ಒಡೆಯಬಹುದು. ಅಷ್ಟರಲ್ಲಿ ರಿಯಾಕ್ಟರ್ ಗತಿ ಏನು? ಉಬ್ಬಿನ ಮೇಲೆ ಬೆರಳು ಒತ್ತಿ ಸಣ್ಣ ತಗ್ಗು ಬಿದ್ದರೂ ಬರ್ಸ್ಟ್ ಪ್ರೆಷರ್ ಬದಲಾಗುತ್ತದೆ. ಅದಕ್ಕೇ ಅಂಚು ಹಿಡಿದೇ ಎತ್ತುತ್ತೇವೆ, ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡುತ್ತೇವೆ. ಇನ್ನೊಂದು ವಿಷಯ. ಮಗುಚಿದ ಮೇಲೆ ಪೂರ್ತಿ ತೆರೆಯಲು ಹಿಂದಿನಿಂದ ಗ್ಯಾಸ್ ನೂಕಬೇಕು. ಪೂರ್ತಿ ಲಿಕ್ವಿಡ್ ತುಂಬಿದ ಲೈನಿನಲ್ಲಿ ಕೆಲವು ರಿವರ್ಸ್ ಡಿಸ್ಕ್‌ಗಳು ಮಗುಚಿ ಸುಮ್ನೆ ನಿಂತುಬಿಡುತ್ತವೆ. ಅಂಥ ಕಡೆ ಲಿಕ್ವಿಡ್‌ಗೆ ಅಂತಲೇ ಪರೀಕ್ಷೆ ಮಾಡಿದ್ದು ಬೇಕು, ಇಲ್ಲವೇ ಗೀರು ಹಾಕಿದ ಮುಂದುಬ್ಬಿನದೇ ಸರಿ.

ಗ್ರಾಫೈಟ್ ಡಿಸ್ಕ್ ಅನ್ನು ಕಡಿಮೆ ಪ್ರೆಷರ್‌ನ ಆಸಿಡ್ ಟ್ಯಾಂಕ್ ಒಂದರಲ್ಲಿ ಬಳಸಿದ್ದೇನೆ. ಆಸಿಡ್‌ಗೆ ಚೆನ್ನಾಗಿ ತಾಳುತ್ತದೆ. ಬೋಲ್ಟ್ ಸ್ವಲ್ಪ ಜಾಸ್ತಿ ಬಿಗಿಯಾದರೆ ಅಲ್ಲೇ ಬಿರುಕು. 100 ಬಾರ್ ಮಾತಿಗೆ ಅದು ಬರುವುದೇ ಇಲ್ಲ.

ಆರ್ಡರ್ ಕೊಡುವಾಗ ಬಹಳ ಜನ ಎಡವುವ ಜಾಗ ಒಂದಿದೆ. 100 ಬಾರ್ ಕೇಳಿ, ಮ್ಯಾನುಫ್ಯಾಕ್ಚರಿಂಗ್ ರೇಂಜ್ (ಕೇಳಿದ ಪ್ರೆಷರ್‌ನಿಂದ ತಯಾರಕರು ಎಷ್ಟು ಸರಿಯಬಹುದು ಅನ್ನುವ ಅವಕಾಶ) ಮೈನಸ್ 10 ಪರ್ಸೆಂಟ್‌ಗೆ ಒಪ್ಪಿದರೆ, ಕೈಗೆ ಬರುವ ಡಿಸ್ಕ್ ಮೇಲೆ 92 ಅಂತ ಇರಬಹುದು. 92ರ 90 ಪರ್ಸೆಂಟ್ ಅಂದರೆ 82.8. ನಮ್ಮ 82ಕ್ಕೆ ಉಳಿದದ್ದು ಒಂದು ಬಾರ್ ಕೂಡ ಅಲ್ಲ! ರೇಂಜ್ ಸೊನ್ನೆ ಅಂತ ಕೇಳಿದರೆ ದುಡ್ಡು ಜಾಸ್ತಿ, ಆದರೆ ನಾನು ಅದನ್ನೇ ಕೇಳುತ್ತೇನೆ. ಆಗಲೂ ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘ) ಕೋಡ್ ಪ್ರಕಾರ ಬರೆದದ್ದಕ್ಕಿಂತ 5 ಪರ್ಸೆಂಟ್ ಆಚೀಚೆ ಒಡೆಯಬಹುದು. ಟೆಂಪರೇಚರ್ ಕೂಡ ಅಷ್ಟೇ ಮುಖ್ಯ. ಡಿಸ್ಕ್ ಕೂತಿರುವ ಜಾಗದ ಬಿಸಿ ಹೇಳಬೇಕು, ರಿಯಾಕ್ಟರ್ ಒಳಗಿನದ್ದಲ್ಲ. 200 ಡಿಗ್ರಿಗೆ ಮಾಡಿಸಿದ ಡಿಸ್ಕ್ 80 ಡಿಗ್ರಿಯ ನಾಝಲ್ ಮೇಲೆ ಕೂತರೆ, ಬರೆದದ್ದಕ್ಕಿಂತ ಮೇಲೆಯೇ ಒಡೆಯುತ್ತದೆ.

ಹಾಗಾದರೆ ಬರೀ ಸೇಫ್ಟಿ ವಾಲ್ವ್ ಸಾಕಲ್ವಾ? ಅದನ್ನೂ ನೋಡಿದ್ದೇವೆ. ವಾಲ್ವ್ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ, ಬ್ಯಾಚ್ ಪೂರ್ತಿ ಹಾಳಾಗುವುದಿಲ್ಲ. ಆದರೆ ಹೈಡ್ರೋಜನ್ ಅದರ ಸೀಟ್ (ಮುಚ್ಚಳ ಕೂರುವ ಜಾಗ) ಹಿಡಿದು ಸೋರುತ್ತಲೇ ಇತ್ತು. ಈಗ ರಿವರ್ಸ್ ಡಿಸ್ಕ್ ಕೆಳಗೆ, ವಾಲ್ವ್ ಮೇಲೆ. ಚೂರಾಗುವ ಸಾದಾ ಡಿಸ್ಕ್ ಇಲ್ಲಿ ಹಾಕುವಂತಿಲ್ಲ, ಚೂರು ವಾಲ್ವ್ ಸೀಟಿಗೆ ಸಿಕ್ಕಿಕೊಳ್ಳುತ್ತದೆ. ಎರಡರ ನಡುವೆ ಒಂದು ಪ್ರೆಷರ್ ಗೇಜ್ ಇದೆ. ಅದು ಅಲಂಕಾರಕ್ಕಲ್ಲ. ಡಿಸ್ಕ್‌ನಲ್ಲಿ ಸೂಜಿಮೊನೆಯಷ್ಟು ತೂತಾಗಿ ನಡುವೆ 10 ಬಾರ್ ಸೇರಿಕೊಂಡರೆ, 100ರ ಡಿಸ್ಕ್ 110ಕ್ಕೆ ಒಡೆಯುತ್ತದೆ. ಡಿಸ್ಕ್‌ಗೆ ಗೊತ್ತಾಗುವುದು ಎರಡೂ ಕಡೆಯ ವ್ಯತ್ಯಾಸ ಮಾತ್ರ.

ಪ್ರತಿ ಶಿಫ್ಟ್ ಶುರುವಾದಾಗ ಮೊದಲು ಆ ಗೇಜ್ ನೋಡುತ್ತೇವೆ. ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಿದ್ದರೆ ಬ್ಯಾಚ್ ಹಾಕುವುದಿಲ್ಲ.